ಆಟದ ಚಿತ್ರವೂ ಗ್ರಾಫಿಕ್ಸ್ ಇಂಜಿನಿಯರನ ಕಾರ್ಯವೂ

ದೊಡ್ಡಬಳ್ಳಾಪುರವು ವಿದ್ಯುತ್ ಮಗ್ಗಗಳ ಊರೆಂದು ಪ್ರಸಿದ್ಧವಾದುದು. ಆ ತಾಲ್ಲೂಕಿಗೆ ಸೇರಿದ ಸಾಸಲು ಹೋಬಳಿಯ ಜನಕ್ಕೂ ಸೀರೆಯ ಅಂಚಿನಲ್ಲಿ ಹೂಬಳ್ಳಿ ಮೂಡುವ ಕ್ರಮವು ಹೊಸತಾಗಿರಲಾರದು. ಮೊದಲು ಹೂವನ್ನು ಚೌಕುಳಿ ಕಾಗದದ ಮೇಲೆ ಬರೆಯುವುದುಂಟು. ಅಲ್ಲಿನ ಒಂದೊಂದು ಚೌಕವೂ ಹಾಸಿನ ಎಳೆಯು ಹೊಕ್ಕಿನ ಎಳೆಯನ್ನು ಸಂಧಿಸುವ ಸ್ಥಾನ. ಅದಕ್ಕೆ ಸರಿಯಾಗಿ ರಟ್ಟುಗಳಲ್ಲಿ ರಂಧ್ರಗಳನ್ನು ಕೊರೆದು ಜಕಾರ್ಡಿಗೆ ಪೋಣಿಸಿದರೆ ಮಗ್ಗವು ಹೂವನ್ನು ನೇಯುವುದು. ಮಗ್ಗವು ತಡವರಿಸಿದಾಗ ಬರುವ ಮೇಸ್ತ್ರಿಯು ಹೂವನ್ನು ಬರೆದವನಲ್ಲ, ಸೀರೆಯನ್ನು ಮಾರುವವನೂ ಅಲ್ಲ. ಆದರೂ ಅವನಿಲ್ಲದೆ ಹೂವು ಬಟ್ಟೆಗೆ ಇಳಿಯದು. ವಿಡಿಯೊ ಆಟಗಳ ಉದ್ಯಮದಲ್ಲಿ ಈ ಮೇಸ್ತ್ರಿಯ ಸ್ಥಾನದಲ್ಲಿರುವವನೇ ಗ್ರಾಫಿಕ್ಸ್ ಇಂಜಿನಿಯರನು.

ಫೋನಿನ ಪರದೆಯೂ ಒಂದು ಚೌಕುಳಿ ಹಾಳೆಯೇ ಸರಿ. ಒಂದು ಕಡೆಗೆ 1920, ಇನ್ನೊಂದು ಕಡೆಗೆ 1080 ಬಿಂದುಗಳುಳ್ಳ ಪರದೆಯಲ್ಲಿ ಒಟ್ಟು 20,73,600 ಬಿಂದುಗಳಾಗುವುವು. ಇವಕ್ಕೆ ಪಿಕ್ಸೆಲ್ಲುಗಳೆಂದು ಹೆಸರು. ಸೀರೆಗೂ ಇದಕ್ಕೂ ಇರುವ ಭೇದವೇನೆಂದರೆ, ಈ ಚಿತ್ರವನ್ನು ಸಾಮಾನ್ಯವಾಗಿ ಸೆಕೆಂಡಿಗೆ 60 ಬಾರಿ ಹೊಸದಾಗಿ ನೇಯಬೇಕು. ಹೀಗೆ ಒಂದು ಚಿತ್ರಕ್ಕೆ ದೊರೆಯುವ ಅವಧಿಯು ಸುಮಾರು 16.7 ಮಿಲಿಸೆಕೆಂಡು ಮಾತ್ರ. ಅಷ್ಟರೊಳಗೆ ಮನೆ, ಮರ, ಮನುಷ್ಯರೆಲ್ಲರನ್ನೂ ರೂಪಿಸುವ ಅಸಂಖ್ಯ ತ್ರಿಕೋನಗಳ ಮೂಲೆಗಳನ್ನು ಲೆಕ್ಕ ಹಾಕಿ ಪರದೆಯ ಮೇಲೆ ಇಳಿಸಬೇಕು. ಒಂದರ ಹಿಂದೆ ಮರೆಯಾದುದನ್ನು ಬಿಡಬೇಕು. ಉಳಿದ ಬಿಂದುಗಳಿಗೆ ಬೆಳಕು, ನೆರಳು, ಬಣ್ಣಗಳನ್ನು ನಿರ್ಣಯಿಸಬೇಕು. ಈ ನಿರ್ಣಯವನ್ನು ಮಾಡುವ ಸಣ್ಣ ಪ್ರೋಗ್ರಾಮುಗಳೇ ಷೇಡರುಗಳು. ಅವಧಿ ಮೀರಿದರೆ ಹಳೆಯ ಚಿತ್ರವೇ ಇನ್ನೊಂದು ಸರದಿ ನಿಂತು, ಆಡುವವನಿಗೆ ಆಟವು ಎಡವಿದಂತೆ ತೋರುವುದು.

ಈ ಎಡವಟ್ಟಿಗೆ ಹೊಣೆ ಯಾರು? ಆಟವನ್ನು ರಚಿಸಿದವರು ಚಿಪ್ಪನ್ನು ದೂರುತ್ತಾರೆ. ಚಿಪ್ಪನ್ನು ರಚಿಸಿದವರು ಆಟವನ್ನು ದೂರುತ್ತಾರೆ. ಇಂಜಿನಿಯರನು ಚಿಪ್ಪಿನ ಸಂಸ್ಥೆಯಿಂದ ಸಂಬಳ ಪಡೆದು ಆಟದ ಸಂಸ್ಥೆಯ ಕೆಲಸವನ್ನು ನೋಡುವವನಾದ್ದರಿಂದ ಎರಡು ಮನೆಗಳ ಗುಟ್ಟೂ ಅವನಲ್ಲಿರುತ್ತದೆ. ಒಂದನ್ನು ಇನ್ನೊಂದಕ್ಕೆ ಹೇಳುವಂತಿಲ್ಲ. ಬೆಂಗಳೂರಿನಲ್ಲಿ ಈ ಎರಡು ಬಗೆಯ ಮನೆಗಳೂ ಉಂಟು. 1997ರಲ್ಲಿ ರಾಜೇಶ್ ರಾವ್ ಅವರು ಸ್ಥಾಪಿಸಿದ ಧ್ರುವ ಇಂಟರಾಕ್ಟಿವ್ ಭಾರತದ ಮೊದಮೊದಲಿನ ಆಟದ ಸಂಸ್ಥೆಗಳಲ್ಲೊಂದು. 2019ರಲ್ಲಿ ಅದು ರಾಕ್‌ಸ್ಟಾರ್ ಗೇಮ್ಸ್ ಸಂಸ್ಥೆಗೆ ಸೇರಿತು. ಎನ್ವಿಡಿಯಾ, ಇಂಟೆಲ್, ಎಎಮ್‌ಡಿ, ಆರ್ಮ್ ಮೊದಲಾದ ಚಿಪ್ಪಿನ ಸಂಸ್ಥೆಗಳಿಗೂ ಇದೇ ನಗರದಲ್ಲಿ ಶಾಖೆಗಳಿವೆ.

ಇಂಜಿನಿಯರನ ವಿದ್ಯೆಯ ಸಾರವು ವೇಗವಾಗಿ ಬರೆಯುವುದರಲ್ಲಿಲ್ಲ, ತಡವೆಲ್ಲಿ ಎಂಬುದನ್ನು ಕಂಡುಹಿಡಿಯುವುದರಲ್ಲಿದೆ. ಊಹೆಯಿಂದ ತಿದ್ದುವವನು ಬಹುಪಾಲು ತಪ್ಪು ಜಾಗವನ್ನೇ ತಿದ್ದುವನು. ಆದುದರಿಂದ ನಾಡಿ ಹಿಡಿಯುವ ವೈದ್ಯನಂತೆ ಮೊದಲು ಪರೀಕ್ಷೆ. ಪರದೆಯ ಬಿಂದುಗಳನ್ನು ಕಾಲುಭಾಗಕ್ಕಿಳಿಸಿ ನೋಡುವುದು ಒಂದು ಹಳೆಯ ಕ್ರಮ: ಕಾಲವು ತಗ್ಗಿದರೆ ಹೊರೆಯು ಬಿಂದುಗಳ ಮೇಲಿತ್ತು, ತಗ್ಗದಿದ್ದರೆ ತ್ರಿಕೋನಗಳ ಲೆಕ್ಕದಲ್ಲಿಯೋ, ಆಜ್ಞೆಗಳನ್ನು ಕಳುಹಿಸುವ ಮುಖ್ಯ ಪ್ರೊಸೆಸರಿನಲ್ಲಿಯೋ ಹುಡುಕತಕ್ಕದ್ದು. ಬಳಿಕ ಚಿಪ್ಪಿನೊಳಗಿನ ಎಣಿಕೆಯಂತ್ರಗಳನ್ನು ಓದಿ, ಯಾವ ಭಾಗವು ದುಡಿಯುತ್ತಿದೆ, ಯಾವುದು ಸುಮ್ಮನೆ ಕಾಯುತ್ತಿದೆ ಎಂಬುದನ್ನು ತಿಳಿಯುವನು.

ಒಂದು ನಿದರ್ಶನವನ್ನು ವಿಸ್ತಾರವಾಗಿ ನೋಡಬಹುದು. ಫೋನಿನ ಚಿಪ್ಪುಗಳಲ್ಲಿ ಅನೇಕವು ಪರದೆಯನ್ನೆಲ್ಲ ಒಮ್ಮೆಗೇ ಬರೆಯುವುದಿಲ್ಲ. ಹಂಚು ಹಾಸಿದಂತೆ ಸಣ್ಣ ತುಂಡುಗಳಾಗಿ ವಿಭಾಗಿಸಿ, ಒಂದೊಂದನ್ನು ತಮ್ಮೊಳಗಿನ ಪುಟ್ಟ ಸ್ಮೃತಿಯಲ್ಲಿ ಬರೆದು ಮುಗಿಸಿ, ಅನಂತರ ಹೊರಗಿನ ದೊಡ್ಡ ಸ್ಮೃತಿಗೆ ಸಾಗಿಸುತ್ತವೆ. ಹೊರಗೆ ಹೋಗಿ ಬರುವುದಕ್ಕೆ ತಗಲುವ ವಿದ್ಯುಚ್ಛಕ್ತಿಯು ಲೆಕ್ಕಕ್ಕೆ ತಗಲುವುದಕ್ಕಿಂತ ಬಹಳ ಹೆಚ್ಚಾದುದೇ ಇದಕ್ಕೆ ಕಾರಣ. ಈಗ ಆಟ ಬರೆದವನು, ಹಿಂದಿನ ಚಿತ್ರವು ಬೇಕಿಲ್ಲವೆಂಬ ಒಂದು ಮಾತನ್ನು ಚಿಪ್ಪಿಗೆ ಹೇಳಲು ಮರೆತನೆನ್ನೋಣ. ಚಿಪ್ಪು ವಿಧೇಯತೆಯಿಂದ ಹಿಂದಿನ ಚಿತ್ರವನ್ನೆಲ್ಲ ಹೊರಗಿನಿಂದ ಒಳಗೆ ತರುತ್ತದೆ. ಮರುಕ್ಷಣವೇ ಅದರ ಮೇಲೆ ಹೊಸದನ್ನು ಬರೆದುಬಿಡುತ್ತದೆ. ಬಿಂದುವಿಗೆ 4 ಬೈಟುಗಳಂತೆ ಒಂದು ಚಿತ್ರಕ್ಕೆ ಸುಮಾರು 83 ಲಕ್ಷ ಬೈಟು. ಸೆಕೆಂಡಿಗೆ ಸುಮಾರು 50 ಕೋಟಿ ಬೈಟುಗಳ ವ್ಯರ್ಥ ಸಾಗಾಟ. ಚಿತ್ರದಲ್ಲಿ ಎಳ್ಳಷ್ಟೂ ವ್ಯತ್ಯಾಸ ಕಾಣದು. ಫೋನು ಮಾತ್ರ ಬಿಸಿಯಾಗುತ್ತದೆ. ಬಿಸಿ ಮಿತಿಮೀರಿದಾಗ ಚಿಪ್ಪು ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುವುದರಿಂದ, ಮೊದಲು ಸೊಗಸಾಗಿ ನಡೆದ ಆಟವು ಕೆಲವು ನಿಮಿಷಗಳ ಬಳಿಕ ಕುಂಟತೊಡಗುವುದು. ರಚನಕಾರನ ಮೇಜಿನ ಮೇಲಿರುವ ಬೆಲೆಬಾಳುವ ಫೋನಿನಲ್ಲಿ ಈ ದೋಷವು ಕಾಣದೆ ಹೋಗಬಹುದು. ಸಾಸಲಿನಂಥ ಊರಿನಲ್ಲಿ, ಮನೆಮಂದಿಗೆಲ್ಲ ಒಂದೇ ಆಗಿರುವ ಅಗ್ಗದ ಫೋನಿನಲ್ಲಿ ಆಡುವ ಹುಡುಗನಿಗೆ ಅದು ಮೊದಲು ಕಾಣುತ್ತದೆ. ಬ್ಯಾಟರಿ ಬರಿದಾದರೆ ನಷ್ಟವು ಆಟಕ್ಕೆ ಮಾತ್ರವಲ್ಲ. ಎಣಿಕೆಯಂತ್ರವನ್ನು ಓದಬಲ್ಲ ಇಂಜಿನಿಯರನಿಗೆ ಒಳಬರುವ ಬೈಟುಗಳ ಮೊತ್ತವೇ ದೋಷವನ್ನು ಸಾರುವುದು. ತಿದ್ದುಪಡಿಯು ಒಂದೇ ಸಾಲಿನದು. ಅದನ್ನು ಹುಡುಕಲು ವಾರವೇ ಹಿಡಿದಿದ್ದರೂ ಆಶ್ಚರ್ಯವಿಲ್ಲ.

ಸಹಾಯಕ್ಕೂ ವಂಚನೆಗೂ ನಡುವಣ ಗೆರೆಯು ಈ ವೃತ್ತಿಯಲ್ಲಿ ಬಹು ತೆಳುವಾದುದು. ಆಟಕ್ಕೂ ಚಿಪ್ಪಿಗೂ ನಡುವೆ ದುಭಾಷಿಯಂತಿರುವ ಡ್ರೈವರ್ ಎಂಬ ತಂತ್ರಾಂಶವು ಇಂತಹದೇ ಆಟವೆಂದು ಗುರುತಿಸಿ, ಅದರ ಷೇಡರಿಗೆ ಬದಲಾಗಿ ತನ್ನದನ್ನು ಇಡಬಲ್ಲದು. 2003ರ ಮೇ ತಿಂಗಳಲ್ಲಿ, 3ಡಿಮಾರ್ಕ್03 ಎಂಬ ವೇಗಪರೀಕ್ಷೆಯ ಕರ್ತೃಗಳಾದ ಫ್ಯೂಚರ್‌ಮಾರ್ಕ್ ಸಂಸ್ಥೆಯವರು, ಕೆಲವು ಡ್ರೈವರುಗಳು ತಮ್ಮ ಪರೀಕ್ಷೆಯನ್ನು ಗುರುತಿಸಿ ಕೆಲಸವನ್ನು ಕದಿಯುತ್ತಿವೆಯೆಂದು ಪ್ರಕಟಿಸಿದರು. ಪರೀಕ್ಷೆಯಲ್ಲಿ ನೋಟದ ಹಾದಿಯು ಮೊದಲೇ ಗೊತ್ತಾಗಿದ್ದುದರಿಂದ, ಕಾಣದ ಭಾಗಗಳನ್ನು ಬರೆಯದೆ ಬಿಡಲು ಸಾಧ್ಯವಾಗಿತ್ತು. ನೋಟವನ್ನು ಆ ಹಾದಿಯಿಂದ ಆಚೆ ತಿರುಗಿಸಿದಾಗ ಗುಟ್ಟು ಬಯಲಾಯಿತು. ಅದೇ ಫಲವನ್ನು ಕಡಿಮೆ ಶ್ರಮದಿಂದ ಕೊಡುವ ಬದಲಾವಣೆಯು ಸಹಾಯವೆನಿಸಬಹುದು. ರಚನಕಾರನಿಗೆ ತಿಳಿಸದೆ ಚಿತ್ರವನ್ನೇ ಬಡವಾಗಿಸಿ ಗಳಿಸಿದ ವೇಗವು ಹಾಗೆನಿಸದು. ಮಗ್ಗದ ಮೇಸ್ತ್ರಿಯು ಹೂವಿನ ಎಸಳನ್ನು ಕಿತ್ತು ಮಗ್ಗವು ಚುರುಕಾಯಿತೆಂದರೆ ಯಾವ ನೇಕಾರನು ಒಪ್ಪುವನು?

2016ರಲ್ಲಿ ಕ್ರೋನೋಸ್ ಒಕ್ಕೂಟವು ವಲ್ಕನ್ ಎಂಬ ಆಜ್ಞಾಪದ್ಧತಿಯನ್ನು ಹೊರತಂದ ಮೇಲೆ, ಡ್ರೈವರು ಮರೆಯಲ್ಲಿ ಮಾಡುತ್ತಿದ್ದ ಅನೇಕ ಕೆಲಸಗಳು ಆಟ ಬರೆಯುವವರ ಹೆಗಲಿಗೆ ಬಂದವು. ಹಿಂದಿನ ಚಿತ್ರವು ಬೇಕೋ ಬೇಡವೋ ಎಂಬ ಮೇಲಿನ ಪ್ರಶ್ನೆಯನ್ನು ಈ ಪದ್ಧತಿಯು ಪ್ರತಿ ಘಟ್ಟದಲ್ಲಿಯೂ ಬಾಯಿಬಿಟ್ಟು ಕೇಳುತ್ತದೆ. ಆದರೂ ಉತ್ತರವನ್ನು ಬರೆಯುವವನು ಮನುಷ್ಯನೇ ಆದುದರಿಂದ, ಇಂಜಿನಿಯರನು ಹೊಸ ಆಟವೊಂದನ್ನು ಕೈಗೆತ್ತಿಕೊಂಡಾಗ ಮೊದಲು ನೋಡುವ ಸಾಲುಗಳಲ್ಲಿ ಅದೂ ಒಂದು.