‘ಕೈಗುಣ’ವನ್ನು ಅಳೆಯಬಹುದೇ?

ನಮ್ಮ ವಿದ್ಯಾರಣ್ಯಪುರದಲ್ಲಿ ವೈದ್ಯರನ್ನು ಹೊಗಳುವವರು ಅವರ ಪದವಿಯ ಮಾತನ್ನೆತ್ತುವುದಿಲ್ಲ. ‘ಅವರ ಕೈಗುಣ ಚೆನ್ನಾಗಿದೆ’ ಎನ್ನುತ್ತಾರೆ; ಅಷ್ಟಕ್ಕೆ ವಿಚಾರಣೆ ಮುಗಿಯಿತು. (ಫಲಕದ ಮೇಲೆ ಹೆಸರಿನ ಹಿಂದೆ ಸಾಲುಗಟ್ಟಿ ನಿಂತ ಅಕ್ಷರಗಳನ್ನು ಓದುವವರು ನನ್ನಂಥ ವಿದ್ಯಾರ್ಥಿಗಳು ಮಾತ್ರವೇ ಇರಬೇಕು.) ಆದರೆ ಈ ಕೈಗುಣವೆಂದರೇನು? ಮಾತಿನ ಮೃದುತ್ವವೆ? ಕೊಟ್ಟ ಔಷಧಿಯ ಶಕ್ತಿಯೆ? ಅಥವಾ ರೋಗಿಯ ಪುಣ್ಯವೆ?

ಈ ಪ್ರಶ್ನೆ ನನಗೆ ಪುಸ್ತಕದಿಂದ ಬಂದದ್ದಲ್ಲ. ಅಕ್ಕ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಾಳೆ. ಚೆಲುವಾಂಬ ಆಸ್ಪತ್ರೆಯೋ, ಹತ್ತಿರದ ನರ್ಸಿಂಗ್ ಹೋಮೋ ಎಂದು ಮನೆಯಲ್ಲಿ ದಿನವೂ ಚರ್ಚೆ ನಡೆದಿದೆ. ಅವ್ವನದು ಕೈಗುಣದ ಪಕ್ಷ, ಅಪ್ಪನದು ಖರ್ಚಿನ ಪಕ್ಷ. ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ ಆದ್ದರಿಂದ ‘ನೀನು ಹೇಳಪ್ಪ’ ಎಂದು ಇಬ್ಬರೂ ನನ್ನ ಕಡೆ ತಿರುಗುತ್ತಾರೆ. ಅರ್ಥಶಾಸ್ತ್ರದ ವಿದ್ಯಾರ್ಥಿಗೆ ವೈದ್ಯಶಾಸ್ತ್ರವೆಲ್ಲಿ ಬರಬೇಕು? ಆದರೂ ಎಣಿಕೆಯ ಮಾತಾದರೆ ನಮಗೂ ಸ್ವಲ್ಪ ಗೊತ್ತಾಗುತ್ತದೆ. ಹಾಗೆ ಓದಿ ತಿಳಿದುದನ್ನು ವಾಚಕರ ಮುಂದಿಡುತ್ತಿದ್ದೇನೆ.

1966ರಲ್ಲಿ ಅಮೆರಿಕದ ವಿದ್ವಾಂಸ ಅವೆದಿಸ್ ಡೊನಬೀಡಿಯನ್ ಎಂಬವರು, ಚಿಕಿತ್ಸೆಯ ಗುಣಮಟ್ಟವನ್ನು ಮೂರು ಕಡೆಯಿಂದ ನೋಡಬೇಕೆಂದು ಬರೆದರು: ಆಸ್ಪತ್ರೆಯಲ್ಲಿ ಏನೇನು ಇದೆ, ಅಲ್ಲಿರುವವರು ಏನು ಮಾಡುತ್ತಾರೆ, ಕೊನೆಗೆ ರೋಗಿಗೆ ಏನಾಯಿತು. ನಮ್ಮ ಜನ ಈ ಮೂರನ್ನೂ ಒಂದೇ ಪದದಲ್ಲಿ ಗಂಟುಕಟ್ಟಿದ್ದಾರೆ. ಗಂಟು ಬಿಚ್ಚಿದರೆ ತಾನೆ ಒಳಗೇನಿದೆ ಎಂದು ತಿಳಿಯುವುದು!

ಕೈಗೂ ಫಲಕ್ಕೂ ಇರುವ ನಂಟನ್ನು ಮೊದಲು ಎಣಿಸಿ ತೋರಿಸಿದವರಲ್ಲಿ ವಿಯೆನ್ನಾ ನಗರದ ಇಗ್ನಾಜ್ ಸೆಮ್ಮೆಲ್‌ವೈಸ್ ಪ್ರಸಿದ್ಧರು. ಅಲ್ಲಿಯ ದೊಡ್ಡ ಆಸ್ಪತ್ರೆಯಲ್ಲಿ ಹೆರಿಗೆಗೆ ಎರಡು ವಿಭಾಗಗಳಿದ್ದವು. ಒಂದರಲ್ಲಿ ವೈದ್ಯರೂ ವೈದ್ಯವಿದ್ಯಾರ್ಥಿಗಳೂ, ಇನ್ನೊಂದರಲ್ಲಿ ಸೂಲಗಿತ್ತಿಯರೂ ಹೆರಿಗೆ ಮಾಡಿಸುತ್ತಿದ್ದರು. 1846ರಲ್ಲಿ ವೈದ್ಯರ ವಿಭಾಗದಲ್ಲಿ ನೂರಕ್ಕೆ 11 ಮಂದಿ ಬಾಣಂತಿಯರು ಸತ್ತರೆ ಸೂಲಗಿತ್ತಿಯರ ವಿಭಾಗದಲ್ಲಿ ಸತ್ತವರು ನೂರಕ್ಕೆ 3ಕ್ಕೂ ಕಡಿಮೆ. ಓದಿದವರ ಕೈಯಲ್ಲೇ ಸಾವು ಹೆಚ್ಚು! ಹೆಣ ಕೊಯ್ದ ಕೈಯಲ್ಲೇ ಅವರು ಹೆರಿಗೆ ಕೋಣೆಗೆ ಬರುತ್ತಿದ್ದುದು ಕಾರಣವೆಂದು ಸೆಮ್ಮೆಲ್‌ವೈಸ್ ಊಹಿಸಿ, 1847ರಲ್ಲಿ ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಯುವುದನ್ನು ಕಡ್ಡಾಯ ಮಾಡಿದರು. ಮರುವರ್ಷ ಮರಣ ನೂರಕ್ಕೆ ಒಂದು ಚಿಲ್ಲರೆಗೆ ಇಳಿಯಿತು.

ಕೈ ತೊಳೆಯಬೇಕೆಂಬುದು ಇಂದು ಯಾವ ವೈದ್ಯರಿಗೆ ಗೊತ್ತಿಲ್ಲ? ಆದರೆ ಗೊತ್ತಿರುವುದು ಬೇರೆ, ಮಾಡುವುದು ಬೇರೆ. ಈ ಅಂತರವನ್ನು ಹಿಡಿಯಲು ಜಿಷ್ಣು ದಾಸ್ ಮತ್ತು ಅವರ ಸಂಗಡಿಗರು ಒಂದು ಜಾಣ ಉಪಾಯ ಮಾಡಿದರು. ಆರೋಗ್ಯವಂತರಿಗೆ ತರಬೇತಿ ಕೊಟ್ಟು, ಎದೆನೋವು ಮೊದಲಾದ ಕಾಯಿಲೆಯವರಂತೆ ನಟಿಸಲು ಕಲಿಸಿ, ಮಧ್ಯಪ್ರದೇಶದ ಹಳ್ಳಿಗಳ ಚಿಕಿತ್ಸಕರ ಬಳಿಗೆ ಕಳುಹಿಸಿದರು. 2012ರಲ್ಲಿ ಪ್ರಕಟವಾದ ಆ ವರದಿಯಂತೆ ಒಬ್ಬ ರೋಗಿಗೆ ಸಿಕ್ಕ ಸಮಯ ಸರಾಸರಿ ನಾಲ್ಕು ನಿಮಿಷಕ್ಕೂ ಕಡಿಮೆ. ಸರಿಯಾದ ಚಿಕಿತ್ಸೆ ಸಿಕ್ಕಿದ್ದು ನೂರಕ್ಕೆ 30ರಷ್ಟು ಸಂದರ್ಭಗಳಲ್ಲಿ. ಅವರಲ್ಲಿ ಪದವಿಯಿಲ್ಲದವರು ಅನೇಕರಿದ್ದರು, ನಿಜ. ಆದರೆ 2016ರ ಇನ್ನೊಂದು ವರದಿ ಹೆಚ್ಚು ಚುಚ್ಚುತ್ತದೆ: ಅದೇ ವೈದ್ಯರು ಸರ್ಕಾರಿ ಆಸ್ಪತ್ರೆಯಲ್ಲಿ ಕುಳಿತಾಗ ತೋರದಷ್ಟು ಶ್ರಮವನ್ನು ತಮ್ಮ ಖಾಸಗಿ ಕೊಠಡಿಯಲ್ಲಿ ತೋರಿದರು. ಕೈ ಅದೇ, ಗುಣ ಮಾತ್ರ ಕುರ್ಚಿಯೊಡನೆ ಬದಲಾಯಿತು.

ಇನ್ನು ನಮ್ಮ ನಾಡಿಗೆ ಬರೋಣ. ಹೆರಿಗೆಯ ವಿಷಯದಲ್ಲಿ ಜಗತ್ತು ಕಲಿತ ಪಾಠಗಳಲ್ಲಿ ಕೆಲವು ಬೆಳಗಾವಿ ಕಡೆಯವು. ಅಲ್ಲಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು ಸೇರಿ ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹಳ್ಳಿಯ 1620 ಮಂದಿ ತಾಯಂದಿರಿದ್ದರು. ಅರ್ಧದಷ್ಟು ಮಂದಿಗೆ ಹೆರಿಗೆಯಾದೊಡನೆ ನರ್ಸಮ್ಮನವರೇ ಮಿಸೊಪ್ರೊಸ್ಟಾಲ್ ಮಾತ್ರೆ ಕೊಟ್ಟರು. ಉಳಿದವರಿಗೆ ಔಷಧವಿಲ್ಲದ ಹುಸಿ ಮಾತ್ರೆ. ತಾಯಿಯ ಕೆಳಗೆ ಅಳತೆಯ ಗೆರೆಗಳುಳ್ಳ ಪ್ಲಾಸ್ಟಿಕ್ ಹಾಳೆ ಹಾಸಿ, ಹೋದ ರಕ್ತವನ್ನು ಕಣ್ಣಂದಾಜಿನಲ್ಲಲ್ಲದೆ ಅಳೆದೇ ನೋಡಿದರು. ಅರ್ಧ ಲೀಟರು ಅಥವಾ ಅದಕ್ಕೂ ಹೆಚ್ಚು ರಕ್ತ ಕಳೆದುಕೊಂಡವರು ಹುಸಿ ಮಾತ್ರೆಯವರಲ್ಲಿ ನೂರಕ್ಕೆ 12. ಔಷಧ ಪಡೆದವರಲ್ಲಿ 6.4.

ಅನಂತರ 2010ರಲ್ಲಿ, ಕರ್ನಾಟಕದ ತಾಲ್ಲೂಕು ಮಟ್ಟದ ಒಂದು ಹೆರಿಗೆ ಆಸ್ಪತ್ರೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯೊಂದನ್ನು ಪರೀಕ್ಷಿಸಲಾಯಿತು. ಪಟ್ಟಿಯೆಂದರೆ ಅಂಗಡಿಯ ಸಾಮಾನಿನ ಚೀಟಿಯಂತೆಯೇ: ಕೈ ತೊಳೆದಿರಾ, ರಕ್ತದೊತ್ತಡ ನೋಡಿದಿರಾ, ಕೂಸಿಗೆ ಉಸಿರಾಟದ ಚೀಲ ಸಿದ್ಧವಿದೆಯೆ ಎಂದು ಒಂದೊಂದಕ್ಕೂ ಗುರುತು ಹಾಕಬೇಕು. ಸೇರಿಸಿಕೊಂಡಾಗ, ಹೆರಿಗೆಗೆ ಮುಂಚೆ, ಆದ ಮೇಲೆ, ಮನೆಗೆ ಕಳುಹಿಸುವಾಗ, ಹೀಗೆ ನಾಲ್ಕು ಸಲ ನಿಂತು ನೋಡಿಕೊಳ್ಳಬೇಕು. ಪಟ್ಟಿ ಬರುವ ಮುನ್ನ, ಮಾಡಲೇಬೇಕಾದ 29 ಕೆಲಸಗಳಲ್ಲಿ ಸರಾಸರಿ 10 ಮಾತ್ರ ನಡೆಯುತ್ತಿದ್ದವು. ಬಂದ ಮೇಲೆ 25. ಇದನ್ನೋದಿದಾಗ ನನಗೆ ಹಿಡಿಸಲಾರದಷ್ಟು ಸಂತೋಷವಾಯಿತು. ಕೈಗುಣವೆಂದರೆ 29 ಕೆಲಸಗಳು, ಅಷ್ಟೇ ಎಂದು ಅವ್ವನಿಗೂ ಹೇಳಿಬಿಟ್ಟೆ. ‘ಚೀಟಿ ನೋಡಿಕೊಂಡು ಹೆರಿಗೆ ಮಾಡಿಸ್ತಾರಾ?’ ಎಂದು ಅವರು ನಕ್ಕರು.

ಮುಂದಿನ ಕಥೆ ಅಷ್ಟು ಸರಳವಲ್ಲ. ಅದೇ ಪಟ್ಟಿಯನ್ನು ಉತ್ತರಪ್ರದೇಶದ 24 ಜಿಲ್ಲೆಗಳಲ್ಲಿ, 120 ಆಸ್ಪತ್ರೆಗಳನ್ನು ಎರಡು ಪಾಲು ಮಾಡಿ ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿದರು. ಒಂದೂವರೆ ಲಕ್ಷಕ್ಕೂ ಹೆಚ್ಚು ಹೆರಿಗೆಗಳು! 2017ರಲ್ಲಿ ಫಲಿತಾಂಶ ಬಂತು. ಪಟ್ಟಿಯಿದ್ದ ಕಡೆ ಎರಡು ತಿಂಗಳಲ್ಲಿ ನೂರಕ್ಕೆ 73 ಭಾಗ ಕೆಲಸಗಳು ನಡೆಯುತ್ತಿದ್ದವು. ಇಲ್ಲದ ಕಡೆ 42. ನಡತೆ ತಿದ್ದಿತು. ಆದರೆ ಶಿಶುಮರಣ, ತಾಯಿಯ ಮರಣ, ತಾಯಿಯ ತೀವ್ರ ತೊಂದರೆ, ಈ ಮೂರನ್ನೂ ಸೇರಿಸಿ ಎಣಿಸಿದರೆ ಪಟ್ಟಿಯಿದ್ದ ಕಡೆ ನೂರಕ್ಕೆ 15.1, ಇಲ್ಲದ ಕಡೆ 15.3. ವ್ಯತ್ಯಾಸವಿಲ್ಲವೆಂದೇ ಹೇಳಬೇಕು. ಹೇಳಿಕೊಡುವವರು ಬರುವುದು ನಿಂತ ಮೇಲೆ 73 ಕೂಡ 62ಕ್ಕೆ ಇಳಿದಿತ್ತು.

ಇದಕ್ಕೆ ಕಾರಣ ಒಂದೇ ಇರಲಾರದು. ರಕ್ತಸ್ರಾವವಾಗುತ್ತಿದೆ ಎಂದು ನರ್ಸಮ್ಮ ಕೂಡಲೇ ಕಂಡುಹಿಡಿದರೂ ರಕ್ತನಿಧಿ ದೂರವಿದ್ದರೆ, ಶಸ್ತ್ರಚಿಕಿತ್ಸಕರು ಇಲ್ಲದಿದ್ದರೆ, ಆಂಬುಲೆನ್ಸ್ ತಡವಾದರೆ ಆ ಕೈ ತಾನೇ ಏನು ಮಾಡೀತು? ಡೊನಬೀಡಿಯನ್ನರು ಹೇಳಿದ ಮೊದಲನೆಯ ಅಂಶ, ಆಸ್ಪತ್ರೆಯಲ್ಲಿ ಏನೇನು ಇದೆ ಎಂಬುದು, ಇಲ್ಲಿ ತಲೆಯೆತ್ತುತ್ತದೆ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಮಾಡಿಸಿಕೊಂಡ ಬಾಣಂತಿಯರಲ್ಲಿ ಐವರು ತೀರಿಕೊಂಡಾಗ ಸಂಶಯ ಹೋದದ್ದು ಅವರಿಗೆ ಏರಿಸಿದ ರಿಂಗರ್ ಲ್ಯಾಕ್ಟೇಟ್ ಡ್ರಿಪ್ಪಿನ ಮೇಲೆ. ಬಾಟಲಿಯೊಳಗಿನ ದ್ರವ ಕೆಟ್ಟಿದ್ದರೆ ಚುಚ್ಚಿದವರ ಕೈಗುಣ ಎಷ್ಟಿದ್ದರೇನು?

ಹೀಗೆಂದು ನಿರಾಶರಾಗಬೇಕಿಲ್ಲ. ಕರ್ನಾಟಕದಲ್ಲಿ 2001-03ರ ಅವಧಿಯಲ್ಲಿ ಲಕ್ಷ ಜೀವಂತ ಜನನಕ್ಕೆ 228 ತಾಯಂದಿರು ಸಾಯುತ್ತಿದ್ದರು. 2018-20ರ ವೇಳೆಗೆ ಅದು 69ಕ್ಕೆ ಇಳಿಯಿತು. ಇದು ಒಬ್ಬರ ಕೈಯಿಂದ ಆದದ್ದಲ್ಲ. ಅದರಿಂದ ಮನೆಯ ಚರ್ಚೆಯಲ್ಲಿ ನಾನೀಗ ‘ಯಾವ ಡಾಕ್ಟರು?’ ಎಂದು ಕೇಳುವುದನ್ನು ಬಿಟ್ಟು, ‘ನಡುರಾತ್ರಿಯಲ್ಲಿ ರಕ್ತ ಬೇಕಾದರೆ ಎಲ್ಲಿಂದ ತರುತ್ತಾರೆ? ಅರಿವಳಿಕೆ ಕೊಡುವವರು ಅಲ್ಲೇ ಇರುತ್ತಾರೆಯೆ?’ ಎಂದು ಕೇಳುತ್ತಿದ್ದೇನೆ. ಅಪ್ಪನಿಗೆ ಇದು ಹಿಡಿಸಿದೆ. ಅವ್ವ ಇನ್ನೂ ಒಪ್ಪಿಲ್ಲ. ಒರಟಾಗಿ ಗದರುವ ಕಡೆ ಹೆಣ್ಣುಮಗಳು ನೋವನ್ನು ಬಾಯಿಬಿಟ್ಟು ಹೇಳುವುದಿಲ್ಲವೆಂಬುದು ಅವರ ವಾದ. ಅದನ್ನು ತಳ್ಳಿಹಾಕುವ ಧೈರ್ಯ ನನಗಿಲ್ಲ.

ಫಲವನ್ನು ಎಣಿಸಬೇಕಾದರೆ ಬರೆದಿಟ್ಟಿರಬೇಕು. ಈ ವಿಷಯದಲ್ಲಿ ಮೈಸೂರಿಗೆ ಹೆಮ್ಮೆಪಡುವ ಹಕ್ಕಿದೆ. ನಮ್ಮವರು ಮಿಷನ್ ಆಸ್ಪತ್ರೆ ಎನ್ನುವ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದಲೂ ಹುಟ್ಟಿದ ಕೂಸಿನ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಟ್ಟಿದ್ದರು. ಸಂಶೋಧಕರು ಹೀಗೆ 1934ರಿಂದ 1954ರವರೆಗೆ ಹುಟ್ಟಿದವರಲ್ಲಿ 517 ಮಂದಿಯನ್ನು ಹುಡುಕಿ, ಅವರ ಹೃದಯವನ್ನು ಪರೀಕ್ಷಿಸಿ, 1996ರಲ್ಲಿ ಪ್ರಕಟಿಸಿದರು. ಹುಟ್ಟಿದಾಗ ಐದೂವರೆ ಪೌಂಡು ಅಥವಾ ಅದಕ್ಕೂ ಕಡಿಮೆ ತೂಗಿದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ರಕ್ತನಾಳದ ರೋಗವಿತ್ತು. ಏಳು ಪೌಂಡಿಗಿಂತ ಹೆಚ್ಚು ತೂಗಿದವರಲ್ಲಿ 3 ಮಂದಿಗೆ. ತಕ್ಕಡಿಯ ಮುಂದೆ ನಿಂತು ಅಂಕಿ ಬರೆದುಕೊಂಡವರಿಗೆ ಅದು ಅರವತ್ತು ವರ್ಷಗಳ ಮೇಲೆ ಯಾರಿಗೋ ಬೇಕಾಗುತ್ತದೆಂದು ತಿಳಿದಿರಲು ಸಾಧ್ಯವಿರಲಿಲ್ಲ.