ಹಗ್ಗ ಎಳೆಯುವ ಧೈರ್ಯ ಯಾರಿಗಿದೆ?

ಕಂಡಕ್ಟರ್ ಹಗ್ಗ ಎಳೆದರೆ ಗಂಟೆ ಢಣ್ ಅಂದು ಬಸ್ಸು ನಿಲ್ಲುತ್ತಿದ್ದುದು ಹಳೇ ಪ್ರಯಾಣಿಕರಿಗೆಲ್ಲ ಗೊತ್ತು. ಕೋಟಿಗಟ್ಟಲೆ ಬಂಡವಾಳದ ಕಾರು ಕಾರ್ಖಾನೆಯಲ್ಲೂ ಅಂಥದ್ದೇ ಹಗ್ಗ ಇತ್ತು, ಅದನ್ನು ಸಾಮಾನ್ಯ ಕೆಲಸಗಾರನೇ ಎಳೆಯಬಹುದಿತ್ತು ಅಂದರೆ ನಂಬ್ತೀರಾ?

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಫ್ರೀಮಾಂಟ್ ಅಂತ ಊರು. ಅಲ್ಲಿದ್ದ ಜನರಲ್ ಮೋಟಾರ್ಸ್ ಕಾರ್ಖಾನೆಯಲ್ಲಿ ಮೇಲಿನವರಿಗೂ ಕೆಳಗಿನವರಿಗೂ ಹಾವು-ಮುಂಗುಸಿ ಸಂಬಂಧ. ನೂರಕ್ಕೆ ಸುಮಾರು 20 ಮಂದಿ ಗೈರುಹಾಜರು. ಏನೇ ಆದರೂ ಲೈನ್ ನಿಲ್ಲಿಸಕೂಡದು ಅನ್ನೋದು ಕಟ್ಟಪ್ಪಣೆ. ಬೋಲ್ಟು ತಪ್ಪಿದರೂ, ಬಿಡಿಭಾಗ ಅದಲುಬದಲಾದರೂ ಕಾರು ಮುಂದಕ್ಕೆ! ರಿಪೇರಿ ಏನಿದ್ದರೂ ಆಮೇಲೆ. ತಪ್ಪು ಕಂಡವನೂ ‘ನನಗ್ಯಾಕೆ ಊರ ಉಸಾಬರಿ’ ಅಂತ ಸುಮ್ಮನಾಗುತ್ತಿದ್ದ. 1982ರಲ್ಲಿ ಬಾಗಿಲಿಗೆ ಬೀಗ ಬಿತ್ತು.

1984ರಲ್ಲಿ ಜಪಾನಿನ ಟೊಯೊಟಾ ಪಾಲುದಾರನಾಗಿ ಬಂದು, ಅದೇ ಕಟ್ಟಡ ಮತ್ತೆ ತೆರೆಯಿತು. ಹೆಸರು ‘ನುಮ್ಮಿ’. ವಿಚಿತ್ರ ನೋಡಿ, ಕೆಲಸಗಾರರಲ್ಲಿ ಬಹುಪಾಲು ಹಳಬರೇ. ಯೂನಿಯನ್ನೂ ಹಳೆಯದೇ. ಬದಲಾದದ್ದು ಒಳಗಿನ ಗಾಳಿ.

ತೊಂದರೆ ಕಂಡವನು ಹಗ್ಗ ಎಳೆದರೆ ತಂಡದ ಮುಖ್ಯಸ್ಥ ಓಡಿ ಬರಬೇಕು. ಬಯ್ಯಲು ಅಲ್ಲ, ಸಹಾಯಕ್ಕೆ! ತಕ್ಷಣ ಬಗೆಹರಿಯದಿದ್ದರೆ ಲೈನೇ ನಿಲ್ಲುತ್ತಿತ್ತು. ‘ಇದನ್ನ ಹೀಗೆ ಮಾಡಿದ್ರೆ ಸಲೀಸು’ ಅಂತ ಕೆಲಸಗಾರ ಸಲಹೆ ಕೊಟ್ಟರೆ ಅದಕ್ಕೂ ಬೆಲೆ. ಇಂಥ ಸಲಹೆ ಕೇಳುವ ಪದ್ಧತಿಯನ್ನು ಟೊಯೊಟಾ ಜಪಾನಿನಲ್ಲಿ 1951ರಲ್ಲೇ ಶುರು ಮಾಡಿತ್ತು. ಫಲ ಏನಾಯ್ತು? ಗೈರುಹಾಜರಿ ನೂರಕ್ಕೆ 2ರ ಆಸುಪಾಸಿಗೆ ಇಳಿಯಿತು. ಕಾರುಗಳು ಜಪಾನಿನ ಮಾಲಿಗೆ ಸರಿಸಮ ಅನ್ನಿಸಿಕೊಂಡವು.

ಜನರಲ್ ಮೋಟಾರ್ಸ್‌ನವರು ಇದನ್ನೇ ತಮ್ಮ ಬೇರೆ ಕಾರ್ಖಾನೆಗಳಿಗೂ ಒಯ್ಯಲು ಹೊರಟರು. ಆದರೆ ಅಲ್ಲಿನ ಮ್ಯಾನೇಜರುಗಳಿಗೆ ಲೈನ್ ನಿಂತರೆ ಜೀವ ನಿಂತ ಹಾಗೆ. ಹಗ್ಗವನ್ನು ಅಂಗಡಿಯಲ್ಲಿ ತರಬಹುದು, ನಂಬಿಕೆ ತರೋದು ಎಲ್ಲಿಂದ? ಪಾಠ ಕಂಪನಿಗೆಲ್ಲ ಹಬ್ಬಲು ವರ್ಷಗಟ್ಟಲೆ ಹಿಡಿಯಿತು. 2009ರಲ್ಲಿ ಜನರಲ್ ಮೋಟಾರ್ಸ್ ದಿವಾಳಿ ಅರ್ಜಿ ಹಾಕಿ ನುಮ್ಮಿಯಿಂದ ಹೊರಬಂತು. 2010ರಲ್ಲಿ ನುಮ್ಮಿಯೂ ಮುಚ್ಚಿತು. ಕಟ್ಟಡ ಟೆಸ್ಲಾ ಪಾಲಾಯಿತು.

ಫ್ರೀಮಾಂಟ್ ದೂರ ಇರಬಹುದು, ಮಾತು ನಮ್ಮ ಪೇಟೆಯದೇ. ಯಾವ ಸಾಮಾನು ಕೇಳಿ ಗಿರಾಕಿ ಬರಿಗೈಲಿ ವಾಪಸಾದ ಅನ್ನೋದು ಗಲ್ಲಾ ಮೇಲೆ ಕೂತವರಿಗಿಂತ ಮೊದಲು ಪೊಟ್ಟಣ ಕಟ್ಟುವವನಿಗೆ ಗೊತ್ತು. ‘ಸಾವ್ಕಾರ್ರೇ, ಅದನ್ನ ತರಿಸಿದ್ರೆ ಓಡುತ್ತೆ’ ಅಂತ ಅವನು ಒಮ್ಮೆ ಬಾಯಿ ಬಿಟ್ಟಾಗ ‘ನಿನ್ನ ಕೆಲಸ ನೋಡ್ಕೋ’ ಅಂದರೆ ಮುಗೀತು. ಮತ್ತೆ ಅವನು ಹೇಳೋದಿಲ್ಲ. ಗಿರಾಕಿ ಪಕ್ಕದ ಅಂಗಡಿಗೆ.

ಹೊಸ ಯೋಚನೆಗೆ ಸಂಬಳ ಕೊಡಬೇಕಾಗಿಲ್ಲ. ಹೇಳುವವನ ಬಾಯಿ ಮುಚ್ಚಿಸದಿದ್ದರೆ ಸಾಕು.