ಫಿರಂಗಿ ಖಡ್ಗ ಮತ್ತು ಊರ ಹೆಸರಿನ ಬೆಲೆ

ಫಿರಂಗಿ ಎಂದೊಡನೆ ನಮಗೆ ನೆನಪಾಗುವುದು ಕೋಟೆಯ ತೋಪು. ಆದರೆ ಮಾಸೂರು ಸೀಮೆಯು ಬಿಜಾಪುರದ ಆದಿಲ್‌ಶಾಹಿಗಳ ಆಳ್ವಿಕೆಗೆ ಒಳಪಟ್ಟಿದ್ದ ಕಾಲದಲ್ಲಿ ದಖ್ಖನ್ನಿನ ಸವಾರರು ಹಿಡಿಯುತ್ತಿದ್ದ ಒಂದು ಬಗೆಯ ಖಡ್ಗಕ್ಕೂ ಇದೇ ಹೆಸರಿತ್ತು. ಅದರ ಅಲಗು ಯುರೋಪಿನದು, ಹಿಡಿ ನಮ್ಮ ನಾಡಿನದು.

1510ರಲ್ಲಿ ಪೋರ್ಚುಗೀಸರು ಗೋವೆಯನ್ನು ಬಿಜಾಪುರದಿಂದ ಕಸಿದುಕೊಂಡರು. ಅಲ್ಲಿಂದಾಚೆಗೆ ಪಶ್ಚಿಮ ಕರಾವಳಿಯ ಬಂದರುಗಳಿಗೆ ಸ್ಪೇನ್, ಇಟಲಿ ಹಾಗೂ ಜರ್ಮನಿಯ ಅಲಗುಗಳು ಹೇರಳವಾಗಿ ಬಂದವು. ಇವುಗಳಲ್ಲಿ ಸ್ಪೇನಿನ ಟೊಲೆಡೊ ನಗರದ ಅಲಗಿಗೆ ವಿಶೇಷ ಕೀರ್ತಿ. ಒಳಗೆ ಮೆದು ಕಬ್ಬಿಣದ ತಿರುಳು, ಹೊರಗೆ ಉಕ್ಕಿನ ಹೊದಿಕೆ. ಎರಡನ್ನೂ ಕಾಸಿ, ಬಡಿದು, ಬೆಸೆದು, ನೀರಿನಲ್ಲಿ ಹದಗೊಳಿಸುತ್ತಿದ್ದರು. ಆದ್ದರಿಂದ ಅಲಗು ಬಾಗಿದರೂ ಸುಲಭವಾಗಿ ಮುರಿಯುತ್ತಿರಲಿಲ್ಲ, ಬಾಯಿಯ ಹರಿತವೂ ಉಳಿಯುತ್ತಿತ್ತು. ಉದ್ದಕ್ಕೂ ಕೊರೆದ ತಗ್ಗುಗೆರೆಗಳು ಅಲಗಿನ ಬಲ ಕುಂದದಂತೆ ತೂಕವನ್ನು ತಗ್ಗಿಸುತ್ತಿದ್ದವು.

ಇಲ್ಲಿಯ ಕುಶಲಕರ್ಮಿಗಳು ಹಿಡಿಯಿಂದ ಚಾಚಿದ ಎರಡು ಕಬ್ಬಿಣದ ಪಟ್ಟಿಗಳ ನಡುವೆ ಅಲಗನ್ನು ಕೂರಿಸಿ ರಿವೆಟ್ ಹೊಡೆಯುತ್ತಿದ್ದರು. ಬೆರಳುಗಳ ರಕ್ಷಣೆಗೆ ಅಗಲವಾದ ಕಾಪು, ಅದರೊಳಗೆ ಬಟ್ಟೆಯ ಮೆತ್ತೆ. ಹಿಡಿಯ ಹಿಂತುದಿಯಲ್ಲಿದ್ದ ಗೂಟದಿಂದಾಗಿ ಎರಡೂ ಕೈಗಳಿಂದ ಬೀಸಲು ಅನುಕೂಲವಾಗುತ್ತಿತ್ತು.

ಈ ಬಗೆಯ ಖಡ್ಗ ಇತ್ತೀಚೆಗೂ ಸುದ್ದಿಯಾಗಿದೆ. ನಾಗಪುರದ ರಘೂಜಿ ಭೋಸಲೆಯ ಖಡ್ಗವನ್ನು ಮಹಾರಾಷ್ಟ್ರ ಸರ್ಕಾರವು 2025ರ ಏಪ್ರಿಲ್‌ನಲ್ಲಿ ಲಂಡನ್ನಿನ ಸೋದಬೀಸ್ ಹರಾಜಿನಿಂದ 47.15 ಲಕ್ಷ ರೂ. ವೆಚ್ಚದಲ್ಲಿ ಪಡೆಯಿತು. ಅದರ ಅಲಗು ಯುರೋಪಿನದು. ಮೇಲೆ ದೇವನಾಗರಿಯಲ್ಲಿ ಆತನ ಹೆಸರಿದೆ.

ವರ್ತಕರು ಗಮನಿಸಬೇಕಾದ ಸಂಗತಿ ಬೇರೊಂದಿದೆ. ಟೊಲೆಡೊದ ಕೀರ್ತಿ ಹಬ್ಬಿದಂತೆ ಜರ್ಮನಿಯ ಸೋಲಿಂಗನ್ ನಗರದ ಕಮ್ಮಾರರು ತಮ್ಮ ಅಲಗುಗಳ ಮೇಲೆ ಸಹಾಗುನ್ ಮೊದಲಾದ ಸ್ಪೇನಿನ ಕುಶಲಿಗಳ ಹೆಸರನ್ನೇ ಒತ್ತಿ ಮಾರಿದರು. ಇಟಲಿಯ ಮುದ್ರೆಗಳನ್ನು ಭಾರತದಲ್ಲಿಯೂ ಅನುಕರಿಸಲಾಯಿತು. ಹೀಗಾಗಿ ಅಲಗಿನ ಮೇಲಿನ ಮುದ್ರೆಯೊಂದೇ ಅದರ ಮೂಲಕ್ಕೆ ಪುರಾವೆಯಾಗದು. ಕಾಲಾಂತರದಲ್ಲಿ ಸೋಲಿಂಗನ್ನಿನ ಹೆಸರೇ ಪ್ರಸಿದ್ಧವಾಯಿತು. ಆಗ ಅದರ ದುರುಪಯೋಗ ತಡೆಯಲು 1938ರಲ್ಲಿ ಜರ್ಮನಿಯು ಕಾನೂನನ್ನೇ ತಂದಿತು.

ನಮ್ಮ ಜಿಲ್ಲೆಗೂ ಇದು ಅನ್ವಯಿಸುತ್ತದೆ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ದೊರೆತಿದೆ. 1999ರ ಕಾಯ್ದೆಯ ಪ್ರಕಾರ ಈ ನೋಂದಣಿಯ ಅವಧಿ ಹತ್ತು ವರ್ಷ; ಆಮೇಲೆ ನವೀಕರಿಸುತ್ತಿರಬೇಕು. ಉತ್ಪಾದಕರು ಅಧಿಕೃತ ಬಳಕೆದಾರರಾಗಿ ಪ್ರತ್ಯೇಕವಾಗಿ ನೋಂದಾಯಿಸಿಕೊಳ್ಳಬೇಕು. ಊರಿನ ಹೆಸರು ಯಾವ ಅಢಾವೆ ಪತ್ರಿಕೆಯಲ್ಲಿಯೂ ಕಾಣಿಸದ ಆಸ್ತಿ. ಆದರೂ ಸರಕಿಗೆ ಹೆಚ್ಚಿನ ಬೆಲೆ ತರುವುದು ಅದೇ. ಆದ್ದರಿಂದ ರೈತರೂ ವರ್ತಕರೂ ಸೇರಿ ಈ ನೋಂದಣಿಯ ಕಾಗದಪತ್ರಗಳನ್ನು ಕ್ರಮವಾಗಿಟ್ಟುಕೊಳ್ಳುವುದು ಅಗತ್ಯ.